ಕಂಪಿಸುವ ತೊಲೆಗಳಿಂದ ಜೀವಾಣುಗಳ ತೂಕ: ಒಂದು ಚಾರಿತ್ರಿಕ ವಿವೇಚನೆ

ತೂಗುವುದು ಮನುಷ್ಯನ ಅತಿ ಪುರಾತನ ವಿದ್ಯೆಗಳಲ್ಲಿ ಒಂದು. ಧಾನ್ಯವನ್ನು ಮಾರುವವನಿಗೂ ಕೊಳ್ಳುವವನಿಗೂ, ಚಿನ್ನವನ್ನು ಒಪ್ಪಿಸುವವನಿಗೂ ಒಡವೆ ಮಾಡುವವನಿಗೂ ನಡುವೆ ನಂಬಿಕೆಯನ್ನು ಕಾಪಾಡಿಕೊಂಡು ಬಂದುದು ತಕ್ಕಡಿ. ನಮ್ಮ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ಮತ್ತೆ ಮತ್ತೆ ಬರುವುದನ್ನು ಶಾಸನಾಭ್ಯಾಸಿಗಳಾದ ವಾಚಕರು ಬಲ್ಲರು. ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿರುವ ಧರ್ಮಪುರಿಯ ಸೀಮೆಯಲ್ಲಿಯೂ, ಅದಕ್ಕೆ ನೆರೆಯಾದ ಓಮಲೂರು, ಕಡಯಂಪಟ್ಟಿಗಳಲ್ಲಿಯೂ ವಾಸಮಾಡುವ ನಮಗೆ ಈ ಮಾತುಗಳು ಅಪರಿಚಿತವಲ್ಲ. ಸೇಲಂ ಬೆಳ್ಳಿಯ ಕಾಲ್ಗೆಜ್ಜೆಗೆ ಹೆಸರಾದ ಊರು. ಅಕ್ಕಸಾಲಿಗನ ಸಣ್ಣ ತ್ರಾಸನ್ನೂ ಅದರ ತಟ್ಟೆಯಲ್ಲಿ ಬೀಳುತ್ತಿದ್ದ ಗುಲಗಂಜಿಯನ್ನೂ ನಮ್ಮ ಹಿರಿಯರು ಕಣ್ಣಾರೆ ಕಂಡವರು.

ಈ ಪುರಾತನ ವಿದ್ಯೆಯ ಅತ್ಯಂತ ಹೊಸದಾದ ಒಂದು ಕವಲನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಣ್ಣಿಗೆ ಕಾಣದಷ್ಟು ಸಣ್ಣ ತೊಲೆಯೊಂದನ್ನು ಕಂಪಿಸುವಂತೆ ಮಾಡಿ, ಅದರ ಮೇಲೆ ಕುಳಿತ ಒಂದೇ ಒಂದು ಜೀವಾಣುವಿನ, ಒಂದೇ ಒಂದು ವೈರಸ್ಸಿನ ದ್ರವ್ಯರಾಶಿಯನ್ನು ಕಂಡುಹಿಡಿಯುವ ಉಪಾಯವು ಕಳೆದ ಮೂವತ್ತು ವರ್ಷಗಳಲ್ಲಿ ರೂಪುಗೊಂಡಿದೆ. ಇದನ್ನು ಕುರಿತು ಎರಡು ಬಗೆಯ ಅತಿರೇಕಗಳು ಕೇಳಿಬರುತ್ತವೆ. ಇದು ಪರದೇಶದ ಮಾಯೆ, ನಮ್ಮ ಅನುಭವಕ್ಕೆ ಎಟುಕದ್ದು ಎಂಬುದು ಒಂದು. ನಮ್ಮ ಪೂರ್ವಿಕರಿಗೆ ಇದೆಲ್ಲ ಮೊದಲೇ ತಿಳಿದಿತ್ತು ಎಂಬುದು ಇನ್ನೊಂದು. ಇವೆರಡೂ ನಮ್ಮ ವಿದ್ಯಾರ್ಥಿಗಳಿಗೆ ಹಾನಿಕರವೆಂಬುದು ನನ್ನ ಅಭಿಪ್ರಾಯ. ಮೊದಲನೆಯದು ಅವರಲ್ಲಿ ಅಂಜಿಕೆಯನ್ನು ಹುಟ್ಟಿಸುತ್ತದೆ, ಎರಡನೆಯದು ಸೋಮಾರಿತನವನ್ನು. ನಡೆದ ಸಂಗತಿಗಳನ್ನು ಕ್ರಮವಾಗಿ ಇಟ್ಟು ನೋಡುವುದೇ ಇದಕ್ಕೆ ಮದ್ದು.

1. ತ್ರಾಸಿನ ಎಲ್ಲೆ

ಒಂದು ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. 1956ರ ಕಾಯಿದೆಯಂತೆ 1958ರಿಂದ ಮೆಟ್ರಿಕ್ ಮಾನಗಳು ಹಂತಹಂತವಾಗಿ ಜಾರಿಗೆ ಬಂದು ತೊಲ, ಸೇರು, ಮಣಗಳು ಅಂಗಡಿಯಿಂದ ಮರೆಯಾದವು. ಆದರೆ ತೂಗುವ ರೀತಿ ಮಾತ್ರ ಬದಲಾಗಲಿಲ್ಲ. ಒಂದು ತಟ್ಟೆಯಲ್ಲಿ ವಸ್ತು, ಇನ್ನೊಂದರಲ್ಲಿ ಬೊಟ್ಟು. ಭೂಮಿಯ ಆಕರ್ಷಣೆ ಎರಡನ್ನೂ ಎಳೆಯುತ್ತದೆ. ನಾವು ಮುಳ್ಳನ್ನು ನೋಡುತ್ತೇವೆ.

ಗ್ರಾಮಿನಿಂದ ಕೆಳಕ್ಕೆ ಒಂದು ಮೆಟ್ಟಿಲುಸಾಲನ್ನು ಕಲ್ಪಿಸಿಕೊಳ್ಳೋಣ. ಒಂದೊಂದು ಮೆಟ್ಟಿಲಿಗೂ ಸಾವಿರದಿಂದ ಭಾಗಿಸಬೇಕು. ಮೊದಲನೆಯ ಮೆಟ್ಟಿಲು ಮಿಲಿಗ್ರಾಂ, ಎರಡನೆಯದು ಮೈಕ್ರೋಗ್ರಾಂ, ಮೂರನೆಯದು ನ್ಯಾನೋಗ್ರಾಂ, ನಾಲ್ಕನೆಯದು ಪಿಕೋಗ್ರಾಂ, ಐದನೆಯದು ಫೆಮ್ಟೋಗ್ರಾಂ, ಆರನೆಯದು ಆಟೋಗ್ರಾಂ, ಏಳನೆಯದು ಜೆಪ್ಟೋಗ್ರಾಂ, ಎಂಟನೆಯದು ಯಾಕ್ಟೋಗ್ರಾಂ. ಪ್ರಯೋಗಶಾಲೆಯಲ್ಲಿ ದೊರೆಯುವ ಅತ್ಯುತ್ತಮ ತ್ರಾಸುಗಳು ಎರಡನೆಯ ಮೆಟ್ಟಿಲನ್ನು ಸ್ವಲ್ಪ ದಾಟಿ, ಒಂದು ಮೈಕ್ರೋಗ್ರಾಮಿನ ಹತ್ತನೆಯ ಭಾಗದ ಸುತ್ತಮುತ್ತ ನಿಂತುಬಿಡುತ್ತವೆ. ಅದಕ್ಕಿಂತ ಕೆಳಗೆ ಗಾಳಿಯ ಒಂದು ಸುಳಿ, ಧೂಳಿನ ಒಂದು ಕಣ, ಕೈಯ ಬಿಸಿ, ಯಾವುದಾದರೂ ಒಂದು ಮುಳ್ಳನ್ನು ಅಲುಗಿಸುತ್ತದೆ.

ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲಿ ಎಂಬ ಜೀವಾಣುವಿನ ದ್ರವ್ಯರಾಶಿಯಾದರೋ ಹೆಚ್ಚುಕಡಿಮೆ ಒಂದು ಪಿಕೋಗ್ರಾಂ. ಅದು ಇರುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಒಂದು ಗುಲಗಂಜಿಗೆ ಸಮತೂಕವಾಗಬೇಕಾದರೆ ಅಂಥವು ಹನ್ನೆರಡು ಸಾವಿರ ಕೋಟಿಯಷ್ಟು ಕೂಡಬೇಕು. ಇಂಥ ವಸ್ತುವನ್ನು ತಟ್ಟೆಯಲ್ಲಿಟ್ಟು ತೂಗುವ ಮಾತೇ ಇಲ್ಲ. ಬೇರೊಂದು ದಾರಿಯನ್ನೇ ಹುಡುಕಬೇಕಾಗಿತ್ತು. ಆ ದಾರಿ ನಾದದ ಕಡೆಯಿಂದ ಬಂದಿತು.

2. ಮೃದಂಗದ ಕರಣೆ

ಮೃದಂಗದ ಬಲಮುಖದ ನಡುವೆ ಕಪ್ಪಾದ ಕರಣೆ ಇರುವುದನ್ನು ಎಲ್ಲರೂ ಕಂಡಿದ್ದಾರೆ. ಎಡಮುಖಕ್ಕೆ ಕಛೇರಿಯ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ. ಹೀಗೆ ಮೆತ್ತಿದಾಗ ನಾದ ತಗ್ಗುತ್ತದೆ. ಸಾಲದಾದರೆ ಇನ್ನಷ್ಟು ಮೆತ್ತುತ್ತಾರೆ, ಹೆಚ್ಚಾದರೆ ಕಿತ್ತು ತೆಗೆಯುತ್ತಾರೆ. ವಿದ್ವಾಂಸನ ಬೆರಳಿಗೂ ಕಿವಿಗೂ ಚೆನ್ನಾಗಿ ತಿಳಿದಿರುವ ಈ ಸತ್ಯವನ್ನು ಭೌತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ: ಕಂಪಿಸುವ ವಸ್ತುವಿಗೆ ಭಾರ ಕೂಡಿದರೆ ಅದರ ಆವೃತ್ತಿ, ಎಂದರೆ ಒಂದು ಸೆಕೆಂಡಿನಲ್ಲಿ ಅದು ಮಾಡುವ ಕಂಪನಗಳ ಸಂಖ್ಯೆ, ಕಡಮೆಯಾಗುತ್ತದೆ.

ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಚಂದ್ರಶೇಖರ ವೆಂಕಟ ರಾಮನ್ ಅವರು. 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳನ್ನು ಕುರಿತು ಒಂದು ಕಿರುಲೇಖನವನ್ನು ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು, 1934ರಲ್ಲಿ ಅಲ್ಲಿಯೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ನಡವಳಿಗಳ ಆರಂಭದ ಸಂಪುಟದಲ್ಲೇ ಈ ವಿಷಯವನ್ನು ವಿಸ್ತಾರವಾಗಿ ಬರೆದರು. ಸಾಮಾನ್ಯವಾದ ಚರ್ಮವಾದ್ಯದ ಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುತ್ತವೆ. ಮೃದಂಗದಲ್ಲಿಯಾದರೋ ಕರಣೆಯ ಭಾರವು ತಕ್ಕ ಸ್ಥಳದಲ್ಲಿ ತಕ್ಕಷ್ಟು ಇರುವುದರಿಂದ ಮೊದಲ ಐದು ಸ್ವರಗಳು ಸರಳವಾದ ಅನುಪಾತದಲ್ಲಿ ಹೊಂದಿಕೊಳ್ಳುತ್ತವೆ ಎಂದು ಅವರು ತೋರಿಸಿಕೊಟ್ಟರು. ಭಾರ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯವೆಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಒಂದು ದೊಡ್ಡ ತೊಡಕಾಗಿ ಮತ್ತೆ ಎದುರಾಗುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮೃದಂಗ ಮಾಡುವವನ ಪ್ರಶ್ನೆ 'ಬೇಕಾದ ನಾದಕ್ಕೆ ಎಷ್ಟು ಭಾರವನ್ನು ಮೆತ್ತಬೇಕು?' ಎಂಬುದು. ತೂಗುವವನ ಪ್ರಶ್ನೆ ಇದಕ್ಕೆ ತಲೆಕೆಳಗು: 'ನಾದ ಇಷ್ಟು ತಗ್ಗಿದೆ, ಹಾಗಾದರೆ ಮೆತ್ತಿರುವ ಭಾರವೆಷ್ಟು?' ಸಂಗತಿ ಒಂದೇ ಆದರೂ ಪ್ರಶ್ನೆ ಬೇರೆ. ಆ ಎರಡನೆಯ ಪ್ರಶ್ನೆಯನ್ನು ನಮ್ಮ ಕುಶಲಕರ್ಮಿಗಳು ಕೇಳಿದರೆಂಬುದಕ್ಕೆ ಆಧಾರವಿಲ್ಲ. ಹೀಗಿರುವಾಗ ಪೂರ್ವಿಕರಿಗೆ ಇಲ್ಲದ ಕೀರ್ತಿಯನ್ನು ಆರೋಪಿಸುವುದು ಬೇಡ. ಅವರ ಕಿವಿಗೂ ಕೈಗೂ ಸಲ್ಲಬೇಕಾದ ಕೀರ್ತಿಯೇ ಸಾಕಷ್ಟು ದೊಡ್ಡದು.

3. ತೊಲೆಯ ಗಣಿತ

ಒಂದು ತುದಿಯನ್ನು ಗೋಡೆಯಲ್ಲಿ ಹುಗಿದು ಇನ್ನೊಂದು ತುದಿಯನ್ನು ಬಯಲಿಗೆ ಚಾಚಿದ ತೊಲೆಯನ್ನು ಎಂಜಿನಿಯರುಗಳು ಕ್ಯಾಂಟಿಲಿವರ್ ಎನ್ನುತ್ತಾರೆ. ನಾವು ಅದನ್ನು ಚಾಚುತೊಲೆ ಎಂದು ಕರೆಯೋಣ. ಇದರ ಬಲವನ್ನು ಕುರಿತು ಮೊದಲು ವ್ಯವಸ್ಥಿತವಾಗಿ ವಿಚಾರ ಮಾಡಿದವನು ಗೆಲಿಲಿಯೋ. 1638ರಲ್ಲಿ ಪ್ರಕಟವಾದ ಅವನ ಕೊನೆಯ ಗ್ರಂಥದಲ್ಲಿ, ಹಳೆಯ ಗೋಡೆಯಿಂದ ಹೊರಚಾಚಿದ ತೊಲೆಯೊಂದರ ತುದಿಗೆ ಭಾರ ತೂಗಿರುವ ಚಿತ್ರವಿದೆ. ಅವನ ಲೆಕ್ಕ ಪೂರ್ತಿ ಸರಿಯಾಗಿರಲಿಲ್ಲ, ಪ್ರಶ್ನೆ ಮಾತ್ರ ಸರಿಯಾಗಿತ್ತು. 1678ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ, ಬಾಗುವಿಕೆ ಬಲಕ್ಕೆ ತಕ್ಕಂತೆ ಇರುತ್ತದೆಂಬ ನಿಯಮವನ್ನು ಹೇಳಿದನು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಡೇನಿಯಲ್ ಬರ್ನೂಲಿ ಮತ್ತು ಲಿಯೊನಾರ್ಡ್ ಆಯ್ಲರ್ ಕಂಪಿಸುವ ತೊಲೆಯ ಗಣಿತವನ್ನು ರೂಪಿಸಿದರು. 1877ರಲ್ಲಿ ಹೊರಬರತೊಡಗಿದ ಲಾರ್ಡ್ ರೇಲಿಯವರ ನಾದಶಾಸ್ತ್ರದ ಗ್ರಂಥವು ಇದನ್ನೆಲ್ಲ ಒಂದು ಕಡೆ ಕೂಡಿಸಿ ಕೊಟ್ಟಿತು.

ಈ ಗಣಿತದ ಸಾರವನ್ನು ಹೈಸ್ಕೂಲಿನ ಹುಡುಗನಿಗೂ ತಿಳಿಸಬಹುದು. ತೊಲೆ ಎಷ್ಟು ಬಿಗಿಯೋ ಅಷ್ಟು ಬೇಗ ಕಂಪಿಸುತ್ತದೆ, ಎಷ್ಟು ಭಾರವೋ ಅಷ್ಟು ನಿಧಾನ. ತುದಿಯಲ್ಲಿ ಕೂಡುವ ಭಾರವು ತೊಲೆಯ ಕಂಪಿಸುವ ದ್ರವ್ಯರಾಶಿಯ ನೂರರಲ್ಲಿ ಎರಡು ಪಾಲಾದರೆ ಆವೃತ್ತಿ ನೂರರಲ್ಲಿ ಒಂದು ಪಾಲು ಇಳಿಯುತ್ತದೆ. ಭಾರದ ಪ್ರಮಾಣದ ಅರ್ಧದಷ್ಟು ಆವೃತ್ತಿಯ ಇಳಿತ ಎಂಬುದೇ ಈ ವಿದ್ಯೆಯ ಮೂಲಸೂತ್ರ.

ಇದರಿಂದ ಎರಡು ಫಲಗಳು ಹೊರಡುತ್ತವೆ. ಒಂದನೆಯದು, ಇಲ್ಲಿ ಭೂಮಿಯ ಆಕರ್ಷಣೆಯ ಮಾತೇ ಇಲ್ಲ. ತಕ್ಕಡಿ ಹೋಲಿಸುವುದು ಎರಡು ತೂಕಗಳನ್ನು. ತೊಲೆ ತೂಗುವುದು ದ್ರವ್ಯರಾಶಿಯನ್ನು. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಎಂಬ ವ್ಯೋಮನಿಲ್ದಾಣದಲ್ಲಿ, ತೂಕವೇ ತೋರದ ಸ್ಥಿತಿಯಲ್ಲಿ, ಯಾತ್ರಿಕರನ್ನು ಸ್ಪ್ರಿಂಗಿನ ಕುರ್ಚಿಯ ಮೇಲೆ ಕೂಡಿಸಿ ಆಚೀಚೆ ತೂಗಾಡಿಸಿ, ಒಂದು ತೂಗಾಟಕ್ಕೆ ಹಿಡಿದ ಕಾಲದಿಂದ ಅವರ ದ್ರವ್ಯರಾಶಿಯನ್ನು ಲೆಕ್ಕಹಾಕಿದರು. ವಿಲಿಯಂ ಥಾರ್ನ್‌ಟನ್ ಎಂಬ ವೈದ್ಯರು ರೂಪಿಸಿದ ಈ ಕುರ್ಚಿಗೂ ಜೀವಾಣುವನ್ನು ತೂಗುವ ತೊಲೆಗೂ ತತ್ತ್ವ ಒಂದೇ.

ಎರಡನೆಯ ಫಲ ಇನ್ನೂ ಮಹತ್ತರವಾದುದು. ತೊಲೆಯ ಉದ್ದ, ಅಗಲ, ದಪ್ಪಗಳನ್ನೆಲ್ಲ ಹತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಅದರ ದ್ರವ್ಯರಾಶಿ ಸಾವಿರದಲ್ಲಿ ಒಂದು ಪಾಲಾಗುತ್ತದೆ, ಆವೃತ್ತಿ ಹತ್ತು ಮಡಿ ಏರುತ್ತದೆ. ಅದೇ ಒಂದು ಕಣ ಅದರ ಮೇಲೆ ಕುಳಿತರೆ ಆವೃತ್ತಿಯಲ್ಲಿ ಆಗುವ ಬದಲಾವಣೆ ಹತ್ತು ಸಾವಿರ ಮಡಿ ಹೆಚ್ಚುತ್ತದೆ. ತೊಲೆಯನ್ನು ಕಿರಿದು ಮಾಡಿದಷ್ಟೂ ಅದರ ಸೂಕ್ಷ್ಮತೆ ಏರುತ್ತದೆ. ಅದೂ ಅಲ್ಲದೆ ಆವೃತ್ತಿಯನ್ನು ತಿಳಿಯುವುದೆಂದರೆ ಎಣಿಸುವುದು. ಮನುಷ್ಯನು ಅತ್ಯಂತ ನಿಖರವಾಗಿ ಮಾಡಬಲ್ಲ ಅಳತೆ ಎಣಿಕೆಯೇ.

4. ಸ್ಫಟಿಕದಿಂದ ಸಿಲಿಕಾನಿಗೆ

ಪ್ರಶ್ನೆಯನ್ನು ತಲೆಕೆಳಗು ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಜರ್ಮನಿಯ ಗ್ಯುಂಟರ್ ಸಾವರ್‌ಬ್ರೈ ಅವರಿಗೆ ಸಲ್ಲುತ್ತದೆ. 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು, ಸ್ಫಟಿಕವನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ತೋರುತ್ತದೆಂದು ಕಂಡಿದ್ದರು. ಇದರಿಂದ ವಿದ್ಯುತ್ತಿನಿಂದಲೇ ಕಂಪಿಸುವ ಸ್ಫಟಿಕದ ಬಿಲ್ಲೆಗಳು ರೇಡಿಯೋ ಯಂತ್ರಗಳಿಗೆ ಬಂದವು. ಬಿಲ್ಲೆಯ ಆವೃತ್ತಿ ಸ್ವಲ್ಪ ಹೆಚ್ಚಾಗಿದ್ದರೆ ರೇಡಿಯೋ ಹವ್ಯಾಸಿಗಳು ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತಗ್ಗಿಸಿಕೊಳ್ಳುತ್ತಿದ್ದರು. ಮೃದಂಗಕ್ಕೆ ರವೆ ಮೆತ್ತುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. 1959ರಲ್ಲಿ ಸಾವರ್‌ಬ್ರೈ ಅವರು ಈ ಇಳಿತದಿಂದಲೇ, ಬಿಲ್ಲೆಯ ಮೇಲೆ ಕುಳಿತ ತೆಳುವಾದ ಪದರದ ದ್ರವ್ಯರಾಶಿಯನ್ನು ತಿಳಿಯುವ ಸೂತ್ರವನ್ನು ಪ್ರಕಟಿಸಿದರು. ಇಂದಿಗೂ ಲೋಹದ ಲೇಪಗಳ ದಪ್ಪವನ್ನು ಅಳೆಯುವುದರಲ್ಲಿ ಈ ವಿಧಾನ ಬಳಕೆಯಲ್ಲಿದೆ. ನಮ್ಮ ಮೆಟ್ಟಿಲುಸಾಲಿನಲ್ಲಿ ಇದು ಮೂರನೆಯ ಮೆಟ್ಟಿಲನ್ನು ಮುಟ್ಟಿತು.

ಅದಕ್ಕೂ ಕೆಳಗಿಳಿಯಲು ಸಣ್ಣ ತೊಲೆಗಳು ಬೇಕಾಗಿದ್ದವು. ಟ್ರಾನ್ಸಿಸ್ಟರುಗಳಿಗಾಗಿ ಬೆಳೆದ ಸಿಲಿಕಾನ್ ಕೆತ್ತನೆಯ ಕಲೆ ಇಲ್ಲಿ ಸಹಾಯಕ್ಕೆ ಬಂದಿತು. 1967ರಲ್ಲಿ ಅಮೆರಿಕದ ಹಾರ್ವಿ ನೇಥನ್ಸನ್ ಮತ್ತು ಸಂಗಡಿಗರು ಕಂಪಿಸುವ ಲೋಹದ ತೊಲೆಯೊಂದನ್ನು ಟ್ರಾನ್ಸಿಸ್ಟರಿನ ಮೇಲೆಯೇ ಕಟ್ಟಿ ತೋರಿಸಿದ್ದರು. 1982ರಲ್ಲಿ ಕರ್ಟ್ ಪೀಟರ್ಸನ್ ಅವರು, ಸಿಲಿಕಾನು ವಿದ್ಯುತ್ತಿಗೆ ಎಷ್ಟು ಒದಗುತ್ತದೆಯೋ ಯಂತ್ರದ ಅಂಗಗಳಿಗೂ ಅಷ್ಟೇ ಒದಗುವ ವಸ್ತುವೆಂದು ವಿಶದವಾಗಿ ನಿರೂಪಿಸಿದರು. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಎಂಬ ಮೂವರು ಪರಮಾಣುಬಲ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಕುರುಡನು ಕೋಲಿನಿಂದ ದಾರಿಯನ್ನು ತಡವುವಂತೆ ಈ ಯಂತ್ರವು ಸೂಕ್ಷ್ಮವಾದ ಚಾಚುತೊಲೆಯಿಂದ ವಸ್ತುವಿನ ಮೈಯನ್ನು ತಡವುತ್ತದೆ. ಇದರ ಪ್ರಸಾರದಿಂದ ಅತಿ ಸಣ್ಣ ತೊಲೆಗಳು ಪ್ರಯೋಗಶಾಲೆಗಳಿಗೆ ಸುಲಭವಾಗಿ ದೊರೆಯುವ ವಸ್ತುಗಳಾದವು.

ಈ ಯಂತ್ರದಲ್ಲಿ ಕೆಲಸ ಮಾಡುವವರಿಗೆ ಒಂದು ಕಿರುಕುಳವಿತ್ತು. ಕೋಣೆಯ ತೇವ ಬದಲಾದರೆ, ಸ್ವಲ್ಪ ಶಾಖ ತಗುಲಿದರೆ, ತೊಲೆ ತಾನಾಗಿ ಬಾಗುತ್ತಿತ್ತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಶಾಲೆಯಲ್ಲಿದ್ದ ಭಾರತೀಯ ಮೂಲದ ಥಾಮಸ್ ತುಂಡತ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಈ ಕಿರುಕುಳವನ್ನೇ ಅಳತೆಯನ್ನಾಗಿ ತಿರುಗಿಸಿದರು. ತೊಲೆ ಬಾಗುವುದಾದರೆ ಅದಕ್ಕೆ ಏನೋ ಅಂಟಿದೆ. ಏನು ಅಂಟಿದೆ ಎಂಬುದನ್ನು ತೊಲೆಯಿಂದಲೇ ಕೇಳೋಣ ಎಂಬುದು ಅವರ ವಿಚಾರ. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಜೇಮ್ಸ್ ಗಿಮ್ಜೆವ್‌ಸ್ಕಿ, ಗರ್ಬರ್ ಮೊದಲಾದವರು ತೊಲೆಯ ಮೇಲೆ ನಡೆಯುವ ರಾಸಾಯನಿಕ ಕ್ರಿಯೆಯನ್ನು ತೊಲೆಯಿಂದಲೇ ಕಂಡರು. ಸಂವೇದಕವಾಗಿ ತೊಲೆಯ ಜೀವನ ಇಲ್ಲಿಂದ ಆರಂಭವಾಯಿತೆನ್ನಬಹುದು.

5. ಒಂದೇ ಒಂದು ಜೀವಾಣು

ಜೀವಾಣುವನ್ನು ತೂಗಬೇಕಾದರೆ ಮೊದಲು ಅದು ತೊಲೆಯ ಮೇಲೆ ಬಂದು ಕೂಡಬೇಕು, ಬೇರೆಯವು ಕೂಡಬಾರದು. ಇದಕ್ಕಾಗಿ ತೊಲೆಗೆ ಪ್ರತಿಕಾಯಗಳನ್ನು ಲೇಪಿಸುತ್ತಾರೆ. ರೋಗವನ್ನು ಎದುರಿಸಲು ನಮ್ಮ ರಕ್ತ ಹುಟ್ಟಿಸುವ ಈ ಪ್ರೋಟೀನುಗಳಲ್ಲಿ ಒಂದೊಂದೂ ತನಗೆ ಗೊತ್ತಾದ ಒಂದೇ ವೈರಿಯನ್ನು ಹಿಡಿಯುತ್ತದೆ. ಕೀಲಿಗೆ ತಕ್ಕ ಬೀಗವಿದ್ದಂತೆ ಎಂದರೆ ಸುಲಭವಾಗಿ ತಿಳಿಯುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ರಾಬ್ ಇಲಿಕ್, ಹೆರಾಲ್ಡ್ ಕ್ರೇಗ್‌ಹೆಡ್ ಮತ್ತು ಸಂಗಡಿಗರು 2000ದಲ್ಲಿ ಇಂಥ ತೊಲೆಗಳಿಂದ, ಆಹಾರವನ್ನು ವಿಷಮಾಡುವ ಒಂದು ಜಾತಿಯ ಈ. ಕೋಲಿ ಜೀವಾಣುಗಳನ್ನು ಹಿಡಿದು ಎಣಿಸಿದರು. 2001ರಲ್ಲಿ ಒಂದೇ ಒಂದು ಜೀವಾಣು ಕುಳಿತುದನ್ನು ಆವೃತ್ತಿಯ ಇಳಿತದಿಂದ ಗುರುತಿಸಿದರು. ನಾಲ್ಕನೆಯ ಮೆಟ್ಟಿಲು ಹೀಗೆ ದಾಟಿಹೋಯಿತು. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಅಮಿತ್ ಗುಪ್ತ, ದೆಮಿರ್ ಅಕಿನ್, ರಶೀದ್ ಬಶೀರ್ ಅವರು, ಸಿಡುಬಿನ ಲಸಿಕೆಗೆ ಆಧಾರವಾದ ವ್ಯಾಕ್ಸೀನಿಯಾ ವೈರಸ್ಸಿನ ಒಂದೊಂದು ಕಣವನ್ನು ತೂಗಿ, ಅದರ ಸರಾಸರಿ ದ್ರವ್ಯರಾಶಿ 9.5 ಫೆಮ್ಟೋಗ್ರಾಂ ಎಂದು ಕಂಡರು. ಅವರ ತೊಲೆಗಳ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲು. ದಪ್ಪವಾದರೋ ಒಂದು ಮಿಲಿಮೀಟರಿನ ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಇದು ಐದನೆಯ ಮೆಟ್ಟಿಲು.

ಅನಂತರದ ಇಳಿತ ಬಹು ಬೇಗ ನಡೆಯಿತು. 2006ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ರೂಕ್ಸ್ ಅವರ ಗುಂಪು ಜೆಪ್ಟೋಗ್ರಾಮಿನ ಅಳತೆಯನ್ನು ಸಾಧಿಸಿತು. 2012ರಲ್ಲಿ ಬಾರ್ಸಿಲೋನಾದ ಆಡ್ರಿಯನ್ ಬಾಷ್‌ಟೋಲ್ಡ್ ಅವರ ಗುಂಪು, ಎರಡೂ ತುದಿಗಳನ್ನು ಬಿಗಿದ ಇಂಗಾಲದ ನ್ಯಾನೋನಾಳವೊಂದನ್ನು ಸೆಕೆಂಡಿಗೆ ಸುಮಾರು ಇನ್ನೂರು ಕೋಟಿ ಸಲ ಕಂಪಿಸುವಂತೆ ಮಾಡಿ, 1.7 ಯಾಕ್ಟೋಗ್ರಾಮಿನಷ್ಟು ಸೂಕ್ಷ್ಮತೆಯನ್ನು ಪಡೆಯಿತು. ಇದು ಒಂದು ಪ್ರೋಟಾನಿನ ದ್ರವ್ಯರಾಶಿ. ಎಂಟನೆಯ ಮೆಟ್ಟಿಲಿನ ಮೇಲೆ ಮನುಷ್ಯನ ಕಾಲು ಬಿದ್ದಿತು.

6. ಎರಡು ತೊಡಕುಗಳು

ಇಷ್ಟನ್ನೇ ಹೇಳಿ ಮುಗಿಸಿದರೆ ಇದು ಜಯಭೇರಿಯಾಗುತ್ತದೆ, ಚರಿತ್ರೆಯಾಗುವುದಿಲ್ಲ. ಈ ಸಾಧನೆಗಳಲ್ಲಿ ಬಹುಪಾಲು ಗಾಳಿಯಲ್ಲಿ ಅಥವಾ ನಿರ್ವಾತದಲ್ಲಿ ನಡೆದುವು. ಜೀವವಾದರೋ ನೀರಿನಲ್ಲಿ ಇರುವಂಥದು. ರಕ್ತವನ್ನು, ಕಫವನ್ನು, ಕೆರೆಯ ನೀರನ್ನು ಪರೀಕ್ಷಿಸಬೇಕಾದರೆ ತೊಲೆಯನ್ನು ದ್ರವದಲ್ಲಿ ಮುಳುಗಿಸಬೇಕು. ಗಂಟೆಯನ್ನು ನೀರಿನಲ್ಲಿ ಮುಳುಗಿಸಿ ಬಾರಿಸಿದರೆ ಏನಾಗುತ್ತದೆಯೋ ತೊಲೆಗೂ ಅದೇ ಆಗುತ್ತದೆ. ನೀರಿನ ಜಿಗುಟು ಕಂಪನವನ್ನು ಆ ಕ್ಷಣವೇ ನುಂಗಿಬಿಡುತ್ತದೆ. ನಾದ ಮಂಕಾದ ಮೇಲೆ ಅದು ಎಷ್ಟು ತಗ್ಗಿತೆಂದು ಹೇಳುವುದು ಹೇಗೆ?

ಮಸಾಚ್ಯುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಕಾಟ್ ಮನಾಲಿಸ್ ಮತ್ತು ಥಾಮಸ್ ಬರ್ಗ್ ಇದಕ್ಕೆ ಕಂಡ ಪರಿಹಾರ ಬಹು ಸರಳವಾದುದು. ತೊಲೆಯನ್ನು ನೀರಿನಲ್ಲಿಡುವುದರ ಬದಲು ನೀರನ್ನೇ ತೊಲೆಯೊಳಗೆ ಹರಿಸಿದರು. ತೊಲೆಯ ಒಡಲಲ್ಲಿ ಅತಿ ಕಿರಿದಾದ ಕಾಲುವೆಯೊಂದು ಬುಡದಿಂದ ತುದಿಗೆ ಹೋಗಿ ಮತ್ತೆ ಬುಡಕ್ಕೆ ಮರಳುತ್ತದೆ, ಹೊರಗೆ ನಿರ್ವಾತ. ಕಾಲುವೆಯಲ್ಲಿ ಜೀವಕೋಶವೊಂದು ತೇಲಿಕೊಂಡು ತುದಿಯನ್ನು ತಲಪಿದಾಗ ಆವೃತ್ತಿ ಇಳಿಯುತ್ತದೆ, ಹಿಂದಿರುಗಿದಾಗ ಮೊದಲಿನಂತಾಗುತ್ತದೆ. 2003ರಲ್ಲಿ ಮೊಳೆತ ಈ ವಿಚಾರವು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ದ್ರವದಲ್ಲಿರುವ ಜೀವಾಣುಗಳನ್ನೂ ನ್ಯಾನೋಕಣಗಳನ್ನೂ ಒಂದು ಫೆಮ್ಟೋಗ್ರಾಮಿಗಿಂತ ಉತ್ತಮವಾದ ಸೂಕ್ಷ್ಮತೆಯಿಂದ ತೂಗುವುದು ಇದರಿಂದ ಸಾಧ್ಯವಾಯಿತು.

ಇಲ್ಲಿ ತೂಗಲ್ಪಡುವುದು ಕೋಶದ ಪೂರ್ಣ ದ್ರವ್ಯರಾಶಿಯಲ್ಲ. ಅದು ಪಕ್ಕಕ್ಕೆ ಸರಿಸಿದ ನೀರಿನ ಪಾಲನ್ನು ಕಳೆದು ಉಳಿದದ್ದು. ಎರಡು ಸಾವಿರ ವರ್ಷಗಳ ಹಿಂದಿನ ಆರ್ಕಿಮಿಡೀಸನ ತತ್ತ್ವ ಹೀಗೆ ಮತ್ತೆ ಬಂದು ನಿಂತಿದೆ. ಒಂದೇ ಕೋಶವನ್ನು ಎರಡು ಬೇರೆ ಸಾಂದ್ರತೆಯ ದ್ರವಗಳಲ್ಲಿ ತೂಗಿದರೆ ಅದರ ಸಾಂದ್ರತೆಯೂ ತಿಳಿಯುತ್ತದೆ. 2010ರಲ್ಲಿ ಇದೇ ಗುಂಪಿನವರು ಒಂದೊಂದು ಕೋಶವನ್ನೂ ಮತ್ತೆ ಮತ್ತೆ ತೂಗಿ ಅದರ ಬೆಳವಣಿಗೆಯನ್ನು ಅಳೆದರು. ಭಾರವಾದ ಕೋಶಗಳು ಹಗುರವಾದವುಗಳಿಗಿಂತ ಬೇಗ ಬೆಳೆಯುವುದನ್ನು ಕಂಡರು. ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ತಿಂಗಳು ತಿಂಗಳು ಬರೆದಿಡುವುದನ್ನು ನಾವು ಬಲ್ಲೆವು. ಒಂದು ಸಲದ ತೂಕಕ್ಕಿಂತ ತೂಕ ಏರುವ ರೀತಿಯೇ ಆರೋಗ್ಯದ ಸುಳಿವು. ಕೋಶಕ್ಕೂ ಅದೇ ನ್ಯಾಯ.

ಇನ್ನೊಂದು ತೊಡಕು ಮೃದಂಗದ ವಿಷಯದಲ್ಲಿ ಮೊದಲೇ ಸೂಚಿಸಿದಂಥದು, ಎಂದರೆ ಕಣ ಎಲ್ಲಿ ಕುಳಿತಿದೆ ಎಂಬುದು. ತುದಿಯಲ್ಲಿ ಕುಳಿತರೆ ಆವೃತ್ತಿ ಬಹಳ ಇಳಿಯುತ್ತದೆ, ಬುಡದ ಬಳಿ ಕುಳಿತರೆ ಇಳಿಯುವುದೇ ಇಲ್ಲವೆನ್ನಬಹುದು. ಅಷ್ಟೇ ಅಲ್ಲ, 2006ರಲ್ಲಿ ಮ್ಯಾಡ್ರಿಡ್ಡಿನ ಹಾವಿಯರ್ ತಮಾಯೋ ಮತ್ತು ಸಂಗಡಿಗರು ತೋರಿಸಿದಂತೆ, ಬುಡದ ಬಳಿ ಅಂಟಿಕೊಂಡ ಜೀವಾಣುಗಳು ತಮ್ಮ ಗಡಸುತನದಿಂದ ತೊಲೆಯನ್ನು ಬಿಗಿಗೊಳಿಸಿ ಆವೃತ್ತಿಯನ್ನು ಏರಿಸುವುದೂ ಉಂಟು. ಭಾರ ಕೂಡಿದರೂ ನಾದ ಏರಿದಂತೆ! ಇದನ್ನು ಅರಿಯದೆ ಲೆಕ್ಕ ಹಾಕಿದವನಿಗೆ ತೂಕ ತಪ್ಪುತ್ತದೆ. ರೂಕ್ಸ್ ಅವರ ಗುಂಪು 2009ರಲ್ಲಿ ಒಂದೊಂದಾಗಿ ಬಂದು ಬೀಳುವ ಪ್ರೋಟೀನಿನ ಅಣುಗಳನ್ನು ತೂಗಿದಾಗ, ನೂರಾರು ಅಣುಗಳ ಇಳಿತಗಳನ್ನು ಕೂಡಿಸಿ ಈ ತೊಡಕನ್ನು ನಿವಾರಿಸಿಕೊಂಡಿತು. 2012ರಲ್ಲಿ ತೊಲೆಯನ್ನು ಒಮ್ಮೆಗೇ ಎರಡು ಬಗೆಯ ಕಂಪನಗಳಲ್ಲಿ ತೊಡಗಿಸಿ, ಎರಡು ಇಳಿತಗಳಿಂದ ಸ್ಥಳ ಮತ್ತು ಭಾರ ಎರಡನ್ನೂ ಏಕಕಾಲದಲ್ಲಿ ಕಂಡುಕೊಂಡಿತು. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕೆಂದು ನಾವು ಹತ್ತನೆಯ ತರಗತಿಯಲ್ಲಿ ಕಲಿಸುವ ಪಾಠವೇ ಇದು.

7. ನಮ್ಮ ನಾಡಿನಲ್ಲಿ

2009ರ ಆ ಪ್ರಬಂಧದ ಮೊದಲ ಲೇಖಕರು ಅಕ್ಷಯ್ ನಾಯಕ್. ಅವರು ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಅಧ್ಯಾಪಕರಾದರು. ಅದೇ ಸಂಸ್ಥೆಯಲ್ಲಿ ರುದ್ರಪ್ರತಾಪ್ ಅವರು ಸೂಕ್ಷ್ಮಯಂತ್ರಗಳ ಕಂಪನವನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದರು. ಮುಂಬಯಿಯ ಐಐಟಿಯಲ್ಲಿ ವಿ. ರಾಮಗೋಪಾಲ ರಾವ್ ಮತ್ತು ಸಂಗಡಿಗರು, ಸಿಲಿಕಾನಿನ ಬದಲು ಮೃದುವಾದ ಪಾಲಿಮರಿನಿಂದ ಅಗ್ಗದ ತೊಲೆಗಳನ್ನು ಮಾಡಿ, ಹೃದಯಾಘಾತದ ಕುರುಹುಗಳನ್ನೂ ಸ್ಫೋಟಕಗಳ ಆವಿಯನ್ನೂ ಪತ್ತೆಮಾಡುವ ಪ್ರಯತ್ನವನ್ನು ಕೈಗೊಂಡರು. ಈ ಎರಡು ಸಂಸ್ಥೆಗಳಲ್ಲಿಯೂ ಕೇಂದ್ರ ಸರ್ಕಾರದ ಸಹಾಯದಿಂದ ಬಳಕೆದಾರರ ಕಾರ್ಯಕ್ರಮವೊಂದು ಏರ್ಪಟ್ಟು, ದೇಶದ ನಾನಾ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿನ ಯಂತ್ರಗಳಲ್ಲಿ ಕೆಲಸ ಮಾಡುವ ಅವಕಾಶ ಪಡೆದರು. ಕಡಯಂಪಟ್ಟಿಯಿಂದ ಬೆಂಗಳೂರು ಇನ್ನೂರು ಕಿಲೋಮೀಟರಿನ ಒಳಗೆ. ರಾಮನ್ನರು ಮೃದಂಗದ ವಿಚಾರವನ್ನು ಬರೆದ ಊರಿನಲ್ಲಿಯೇ ಇಂದು ಈ ವಿದ್ಯೆ ಬೆಳೆಯುತ್ತಿದೆ.

ಈ ತೊಲೆಗಳಿಂದ ನಮ್ಮ ಗ್ರಾಮಗಳ ರೋಗಿಗಳಿಗೆ ಪ್ರಯೋಜನವೇನು? ಕ್ಷಯದ ಜೀವಾಣುವನ್ನು ಬೆಳೆಸಿ ಪರೀಕ್ಷಿಸಲು ವಾರಗಳೇ ಬೇಕು. ಬೇರೆ ಜೀವಾಣುಗಳಿಗೂ ಯಾವ ಔಷಧಿ ನಾಟುವುದೆಂದು ತಿಳಿಯಲು ಒಂದೆರಡು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ಊರಿಗೆ ಮರಳಿರುತ್ತಾನೆ, ಅಥವಾ ಸಲ್ಲದ ಔಷಧಿಯನ್ನು ಸೇವಿಸುತ್ತಿರುತ್ತಾನೆ. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸಂಶೋಧಕರು ತೊಲೆಗೆ ಜೀವಾಣುಗಳನ್ನು ಅಂಟಿಸಿ ನೋಡಿದರು. ಜೀವಂತವಾಗಿರುವಾಗ ಅವು ತೊಲೆಯನ್ನು ಅಲುಗಿಸುತ್ತವೆ. ಔಷಧಿ ನಾಟಿದರೆ ಕೆಲವು ನಿಮಿಷಗಳಲ್ಲಿ ಆ ಅಲುಗಾಟ ನಿಲ್ಲುತ್ತದೆ. ಇದು ದಿನಗಳನ್ನು ನಿಮಿಷಗಳಿಗೆ ಇಳಿಸುವ ಸೂಚನೆ. ಆದರೂ ಪ್ರಯೋಗಶಾಲೆಯ ಸಾಧನೆ ಬೇರೆ, ಆಸ್ಪತ್ರೆಯ ಉಪಕರಣ ಬೇರೆ. ರಕ್ತದಲ್ಲಿ ಬೇಡವಾದ ನೂರಾರು ಪ್ರೋಟೀನುಗಳೂ ತೊಲೆಗೆ ಅಂಟುತ್ತವೆ; ತೊಲೆಗೆ ಬಳಿದ ಲೇಪ ಕಾಲಕ್ರಮದಲ್ಲಿ ಕೆಡುತ್ತದೆ; ಶಾಖ ಬದಲಾದರೆ ಲೆಕ್ಕ ಜಾರುತ್ತದೆ. ಈ ಕಾರಣಗಳಿಂದ ಗ್ರಾಮದ ಆರೋಗ್ಯಕೇಂದ್ರದ ಮೇಜಿನ ಮೇಲೆ ಇದು ವಾಡಿಕೆಯ ಉಪಕರಣವಾಗಿ ಇನ್ನೂ ನೆಲೆಗೊಂಡಿಲ್ಲ. ನಮ್ಮ ಸೀಮೆಯ ಬಡವನಿಗೆ ಇದು ಯಾವಾಗ ತಲಪುತ್ತದೆಯೋ ಆಗಲೇ ಈ ಚರಿತ್ರೆಯ ಮುಖ್ಯ ಅಧ್ಯಾಯ ಮುಗಿಯುವುದು.

8. ಉಪಾಧ್ಯಾಯ ಮಿತ್ರರಲ್ಲಿ ಒಂದು ವಿಜ್ಞಾಪನೆ

ನಮ್ಮ ಗಡಿಸೀಮೆಯ ಮಕ್ಕಳ ತೊಂದರೆಯನ್ನು ನಾವು ದಿನವೂ ಕಾಣುತ್ತೇವೆ. ಮನೆಯಲ್ಲಿ ಕನ್ನಡ, ಶಾಲೆಯ ಪುಸ್ತಕದಲ್ಲಿ ತಮಿಳು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ತಮಿಳು ಪಠ್ಯದಲ್ಲಿ ದ್ರವ್ಯರಾಶಿಗೆ 'ನಿರೈ' ಎಂದೂ ತೂಕಕ್ಕೆ 'ಎಡೈ' ಎಂದೂ ಹೇಳುತ್ತಾರೆ. ಕನ್ನಡ ಮನೆಮಾತಿನ ಹುಡುಗನ ಕಿವಿಗೆ 'ಎಡೈ' ಎಂದರೆ ಹಬ್ಬದ ದಿನ ದೇವರ ಮುಂದೆ ಇಡುವ ಎಡೆಯ ನೆನಪು. ದ್ರವ್ಯರಾಶಿಗೂ ತೂಕಕ್ಕೂ ಇರುವ ಭೇದವೇ ಕಷ್ಟವಾದುದು. ಅದರ ಮೇಲೆ ಮಾತಿನ ಗೊಂದಲವೂ ಸೇರಿದರೆ ಅವನು ಬಾಯಿಪಾಠಕ್ಕೆ ಶರಣಾಗುತ್ತಾನೆ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಶಾಲೆಯ ಮಾಧ್ಯಮ ಯಾವುದೇ ಆಗಿರಲಿ, ಮಗುವಿಗೆ ಒಮ್ಮೆಯಾದರೂ ಅದರ ಮನೆಮಾತಿನಲ್ಲಿ ತತ್ತ್ವವನ್ನು ತಿಳಿಸಿದರೆ ಮುಂದೆ ಯಾವ ಭಾಷೆಯಲ್ಲಿಯೂ ಅದು ಹೇಳಬಲ್ಲದು.

ಇದಕ್ಕೆ ಬೆಲೆಬಾಳುವ ಉಪಕರಣವೇನೂ ಬೇಕಿಲ್ಲ. ಕಬ್ಬಿಣ ಕೊಯ್ಯುವ ಗರಗಸದ ಅಲಗೊಂದನ್ನು ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿ, ತುದಿಗೆ ಒಂದು ಮಣ್ಣಿನ ಉಂಡೆಯನ್ನು ಅಂಟಿಸಿ ಮೀಟಿ ಬಿಡಿರಿ. ಇಪ್ಪತ್ತು ತೂಗಾಟಗಳಿಗೆ ಎಷ್ಟು ಸೆಕೆಂಡುಗಳು ಹಿಡಿದವೆಂದು ಹುಡುಗರೇ ಎಣಿಸಲಿ. ಎಣಿಸಲಾಗದಷ್ಟು ಬೇಗ ಅಲುಗಿದರೆ ಅಲಗನ್ನು ಇನ್ನಷ್ಟು ಹೊರಚಾಚಿ ಉಂಡೆಯನ್ನು ಹಿಗ್ಗಿಸಿರಿ. ಉಂಡೆ ದೊಡ್ಡದಾದಂತೆ ಕಾಲ ಹೆಚ್ಚುವುದನ್ನು ಕಾಗದದ ಮೇಲೆ ರೇಖೆಯಾಗಿ ಬರೆಯಲಿ. ಅನಂತರ ತೂಕ ತಿಳಿಯದ ಒಂದು ಉಂಡೆಯನ್ನು ಕೊಟ್ಟು, ರೇಖೆಯನ್ನು ನೋಡಿ ಅದರ ದ್ರವ್ಯರಾಶಿಯನ್ನು ಹೇಳುವಂತೆ ಕೇಳಿರಿ. ಆಮೇಲೆ ಅದೇ ಉಂಡೆಯನ್ನು ಅಲಗಿನ ನಡುವಿಗೆ ಸರಿಸಿ ಮತ್ತೆ ಎಣಿಸಲು ಹೇಳಿರಿ. ಉತ್ತರ ಏಕೆ ಬದಲಾಯಿತೆಂದು ಯಾವ ಹುಡುಗಿ ಅಥವಾ ಹುಡುಗ ತಾನಾಗಿ ಕೇಳುವನೋ, ಆ ಮಗು ಬಾರ್ಸಿಲೋನಾದ, ಬೆಂಗಳೂರಿನ ಪ್ರಯೋಗಶಾಲೆಗಳ ಬಾಗಿಲಲ್ಲಿ ನಿಂತಂತೆಯೇ ಸರಿ.

ಗುಲಗಂಜಿಯಿಂದ ಪ್ರೋಟಾನಿನವರೆಗೆ ಎಂಟು ಮೆಟ್ಟಿಲುಗಳನ್ನು ಇಳಿದು ಬಂದ ಈ ಚರಿತ್ರೆಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಕರಣೆಯೂ ಪೆನ್ಸಿಲಿನ ಗೆರೆಯೂ ತೇವಕ್ಕೆ ಬಾಗುವ ತೊಲೆಯೂ ಎಲ್ಲರ ಕಣ್ಣೆದುರಿಗೆ ಇದ್ದಂಥವು. ಅವುಗಳನ್ನು ಕಂಡು 'ಇದನ್ನು ತಿರುಗಿಸಿ ಕೇಳಿದರೇನು?' ಎಂದವರಿಂದ ವಿದ್ಯೆ ಮುಂದುವರಿಯಿತು. ಹಾಗೆ ತಿರುಗಿಸಿ ಕೇಳುವ ಅಭ್ಯಾಸವನ್ನು ನಮ್ಮ ಮಕ್ಕಳಲ್ಲಿ ಬೆಳೆಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ. ಅದನ್ನು ಅವರ ಮನೆಮಾತಿನಲ್ಲಿ ಮಾಡುವುದು ಗಡಿಯಲ್ಲಿರುವ ನಮಗೆ ವಿಶೇಷವಾಗಿ ಒದಗಿದ ಹೊಣೆ.